ಯಾರದ್ದೂ ಅಲ್ಲದ ಟ್ಯೂನು

ಪುತ್ತೂರು, 20 ಜನವರಿ 1965

ಇವತ್ತು ಕೆದಂಬಾಡಿಯಲ್ಲಿ ಮದುವೆ. ತ್ಯಾಂಪಣ್ಣನ ಬ್ಯಾಂಡ್ ಸೆಟ್ಟಿನ ಕೆಂಪು ಕೋಟು ಹಾಕಿಕೊಂಡು ದಿಬ್ಬಣದ ಮುಂದೆ ನಡೆದೆ. ನನಗಿಂತ ಮೊದಲು ಈ ಕೋಟು ಹಾಕುತ್ತಿದ್ದವನ ಬೆವರು ಕಂಕುಳಲ್ಲಿ ಇನ್ನೂ ಇದೆ. ಮನೆಯಲ್ಲಿ ಕಮಲಾವತಿ ಎಷ್ಟು ಸಲ ಒಗೆದರೂ ಬಿಸಿಲಿಗೆ ನಿಂತ ಕೂಡಲೇ ಅವನು ಎದ್ದು ಬರುತ್ತಾನೆ.

ಮುಂಬಯಿಯ ಹೋಟೆಲಿನಲ್ಲಿ ಬಿಳಿ ಕೋಟು ತೊಟ್ಟು ಜಾಜ್ ನುಡಿಸಿದ ಸ್ಯಾಕ್ಸೊಫೋನಿನಲ್ಲಿ ಇವತ್ತು ಸಿನೆಮಾ ಹಾಡು ಊದಿದೆ. ವರನ ಮಾವನೊಬ್ಬ ಎಲೆಯಡಿಕೆ ತುಂಬಿದ ಬಾಯಿಯನ್ನು ನನ್ನ ಕಿವಿಯ ಹತ್ತಿರ ತಂದು, "ಹಿಂದಿ ಬರ್ಲಿ ಮಾಸ್ಟ್ರೇ, ಹಿಂದಿ" ಎಂದ. ಕಿವಿಯಲ್ಲಿ ಉಗುಳು. ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಡ್ರಮ್ಮಿಗೆ ಕಬಕದ ಹೈದರ್. ರಮ್ಜಾನಿನ ಉಪವಾಸ ಹಿಡಿದಿದ್ದಾನೆ, ಒಂದು ಹನಿ ನೀರು ಕುಡಿಯುವುದಿಲ್ಲ. ಆದರೂ ಹಾವು ಹೊಡೆಯುವವನ ಹಾಗೆ ಬಾರಿಸುತ್ತಾನೆ. ಲಯವೆಂದರೆ ಇವನಿಗೆ ಗಟ್ಟಿಯಾಗಿ ಹೊಡೆಯುವುದು, ಅಷ್ಟೇ.

ಇದನ್ನೆಲ್ಲ ಬಾಯಿಬಿಟ್ಟು ಹೇಳಿದರೆ ನಾಳೆಯಿಂದ ಕೆಲಸ ಇಲ್ಲ. ಬರೆದರೆ ಅಡ್ಡಿಯಿಲ್ಲ.

24 ಜನವರಿ

ಕಡಬದ ಬಸ್ಸಿನಲ್ಲಿ ಒಬ್ಬಳು ಒಣಮೀನಿನ ಬುಟ್ಟಿಯನ್ನು ತಂದು ನನ್ನ ಸ್ಯಾಕ್ಸೊಫೋನ್ ಪೆಟ್ಟಿಗೆಯ ಮೇಲೆ ಇಟ್ಟಳು. ತೆಗೆಯಮ್ಮ ಎಂದರೆ, "ಎಂತ ಅಣ್ಣ, ಒಳಗೆ ದೇವರುಂಟಾ?" ಎಂದು ಕೇಳಿದಳು. ಬಸ್ಸೆಲ್ಲ ನಕ್ಕಿತು.

ಕುರಿಯಾಕೋಸ್ ಸಾಹೇಬರ ರಬ್ಬರ್ ಎಸ್ಟೇಟು ಕಡಬದಿಂದ ಇನ್ನೂ ಒಳಗೆ. ಅವರು ಅಲ್ಲಿ ಮ್ಯಾನೇಜರ್, ಬರಲು ಹೇಳಿಕಳಿಸಿದ್ದರು. ಕೊಟ್ಟಾಯಂ ಕಡೆಯವರು, ಮಲಯದ ರಬ್ಬರ್ ತೋಟಗಳಲ್ಲಿ ಬಹಳ ವರ್ಷ ಇದ್ದು ಬಂದವರು. ಸಿಂಗಾಪುರದ ಕ್ಲಬ್ಬುಗಳಲ್ಲಿ ಜಾಜ್ ಕೇಳಿ ಹುಚ್ಚು ಹಿಡಿಸಿಕೊಂಡು, ಬರುವಾಗ ಜರ್ಮನಿಯ ಟೇಪ್ ರೆಕಾರ್ಡರ್ ಒಂದನ್ನು ಹೊತ್ತು ತಂದಿದ್ದಾರೆ. ಬಂಗಲೆಯಲ್ಲಿ ಹಿಂದಿನ ಮಾಲಕರು ಬಿಟ್ಟುಹೋದ ಪಿಯಾನೊ ಇದೆ. ಮುಚ್ಚಳ ತೆಗೆದರೆ ಒಳಗೆ ಇಲಿಹಿಕ್ಕೆ. ಕೆಲವು ಕೀಗಳು ಒತ್ತಿದರೆ ಒತ್ತಿದಲ್ಲೇ ಉಳಿಯುತ್ತವೆ.

ವಾಸನೆಯ ಬಗ್ಗೆ ಬರೆಯಲೇಬೇಕು. ಹುಳಿತ ಹಾಲು, ಹೊಗೆ, ಕೊಳೆತ ಚರ್ಮ ಮೂರನ್ನೂ ಒಟ್ಟಿಗೆ ಕಲಸಿದ ಹಾಗೆ. ರಬ್ಬರ್ ಶೀಟು ಒಣಗಿಸುವ ಹೊಗೆಮನೆ ಬಂಗಲೆಯ ಬೆನ್ನಿಗೇ ಇದೆ. ಕೊಟ್ಟ ಕಾಫಿಯಲ್ಲೂ ಅದೇ ವಾಸನೆ. ಸಾಹೇಬರು ಅದರೊಳಗೆ ಕೂತು ಬಾಳೆಹಣ್ಣು ತಿನ್ನುತ್ತಿದ್ದರು.

"ಮಳೆ ಹಿಡಿದರೆ ತಗಡಿನ ಮಾಡು ತಾಳ ಹಾಕ್ತದೆ, ಟೇಪಿಗೆ ಬೂಷ್ಟು ಬರ್ತದೆ. ಅದಕ್ಕಿಂತ ಮೊದಲು ಮುಗಿಸುವ, ಸಾರ್" ಎಂದರು. "ಕಲ್ಕತ್ತಾದಲ್ಲಿ ನನಗೆ ಜನ ಉಂಟು. ಲಾಂಗ್ ಪ್ಲೇ ರೆಕಾರ್ಡ್ ಮಾಡಿಸಿ ತರಿಸುವ. ಆದರೆ ಎಲ್ಲ ನಿಮ್ಮದೇ ಟ್ಯೂನ್ ಆಗಬೇಕು. ಅಮೆರಿಕದ ಕಾಪಿ ನನಗೆ ಬೇಡ."

ನನ್ನದೇ ಟ್ಯೂನು. ಈ ಮಾತನ್ನು ನನಗೆ ಇಷ್ಟು ವರ್ಷಗಳಲ್ಲಿ ಯಾರೂ ಹೇಳಿರಲಿಲ್ಲ. ವಾಸನೆ ಸಹಿಸಬಹುದು.

ಪಿಯಾನೊಗೆ ರಾಧಾಕೃಷ್ಣ ಆಗಬೇಕು. ಇಲ್ಲೇ ಹತ್ತಿರದ ಸವಣೂರಿನವನೇ. ಮುಂಬಯಿಯಲ್ಲಿ ನನ್ನ ಜೊತೆ ಹೋಟೆಲಿನಲ್ಲಿ ನುಡಿಸುತ್ತಿದ್ದ, ಈಗ ಅಲ್ಲಿಯೇ ಸಿನೆಮಾ ಸ್ಟುಡಿಯೋಗಳಲ್ಲಿ ನುಡಿಸುತ್ತಾನೆ. ಮನೆ ಕಟ್ಟಿಸಲು ಮುಂದಿನ ತಿಂಗಳು ಊರಿಗೆ ಬರುತ್ತಾನಂತೆ.

1 ಫೆಬ್ರವರಿ

ಆರು ಟ್ಯೂನು ಆಯಿತು. ಒಂದಕ್ಕೆ 'ಕಬಕ ಕ್ರಾಸ್' ಎಂದು ಹೆಸರಿಟ್ಟೆ. ಎದುರುಬದುರು ನಿಂತ ಎರಡು ಬಸ್ಸುಗಳು ದಾರಿ ಬಿಡದೆ ಜಗಳಾಡುವ ಟ್ಯೂನು. ಮನೆಯಲ್ಲಿ ಅಭ್ಯಾಸ ಮಾಡಿದರೆ ಪಕ್ಕದ ಮನೆಯ ದೇವಮ್ಮ ಗೋಡೆಯಾಚೆಯಿಂದ, "ಕಮಲಕ್ಕಾ, ನಿಮ್ಮ ಎಮ್ಮೆಗೆ ಬೇನೆ ಶುರುವಾಯ್ತಾ?" ಎಂದು ಕೂಗುತ್ತಾಳೆ. ಕಮಲಾವತಿಗೆ ನಗು. ಇಂಥ ಊರಿನಲ್ಲಿ ಜಾಜ್.

ಏಳನೆಯದು ಎಲ್ಲಕ್ಕಿಂತ ಮೊದಲು ಹುಟ್ಟಿದ್ದು. ಮುಂಬಯಿಯ ಒಂಟಿ ಕೋಣೆಯಲ್ಲಿ ಮಗಳು ಅಮ್ಮುವಿಗೆ ಗಂಟಲು ಬೇನೆಯಾಗಿ ಜ್ವರ ಏರಿದ ವಾರ ಅವಳ ತಲೆ ತಟ್ಟುತ್ತಾ ಗುನುಗಿದ್ದು. ಪದ ಇರಲಿಲ್ಲ. ಗುನುಗಿದರೆ ನಿದ್ರೆ ಹೋಗುತ್ತಿದ್ದಳು, ನಿಲ್ಲಿಸಿದರೆ ಕಣ್ಣು ತೆರೆಯುತ್ತಿದ್ದಳು. ಆಮೇಲೆ ನಿಲ್ಲಿಸಿದರೂ ತೆರೆಯಲಿಲ್ಲ. ನಾಲ್ಕು ವರ್ಷದ ಮಗು.

ಹೋಟೆಲಿನಲ್ಲಿ ಜನ ಎದ್ದು ಹೋದ ಮೇಲೆ ಒಂದು ದಿನ ಅದನ್ನು ಸ್ಯಾಕ್ಸೊಫೋನಿನಲ್ಲಿ ಊದಿದೆ. ರಾಧಾಕೃಷ್ಣ ಏನೂ ಕೇಳದೆ ಪಿಯಾನೊದಲ್ಲಿ ಅದರ ಕೆಳಗೆ ಕಾರ್ಡುಗಳನ್ನು, ಒಟ್ಟಿಗೆ ಒತ್ತುವ ಸ್ವರಗಳ ಗೊಂಚಲುಗಳನ್ನು, ಹಾಸುತ್ತಾ ಬಂದ, ಮಲಗಿದ ಮಗುವಿನ ಅಡಿಗೆ ಚಾಪೆ ಸರಿಸುವ ಹಾಗೆ. ಟ್ಯೂನಿನ ಹೆಸರು 'ಅಮ್ಮು'. ಮನೆಯಲ್ಲಿ ಅದನ್ನು ನಾನು ನುಡಿಸುವುದಿಲ್ಲ. ಕಮಲಾವತಿಯ ಎದುರು ಬೇಡ.

12 ಫೆಬ್ರವರಿ

ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಚಾ ಕುಡಿಯುತ್ತಿದ್ದೆ. ರೇಡಿಯೋದಲ್ಲಿ ಹಿಂದಿ ಹಾಡು. ಹೆಣ್ಣೊಬ್ಬಳು ಬಿಕ್ಕಳಿಸಿಕೊಂಡು ಹಾಡುತ್ತಿದ್ದಾಳೆ, ಹಿಂದಿನಿಂದ ಬಾಟ್ಲಿ ಗ್ಲಾಸುಗಳ ಸದ್ದು, ಗಂಡಸರ ನಗು. ಮೊದಲ ಸಾಲು ಮುಗಿಯುವುದರೊಳಗೆ ಗ್ಲಾಸನ್ನು ಕೆಳಗಿಟ್ಟೆ.

ಅಮ್ಮು.

ಒಂದು ಸ್ವರವೂ ಬದಲಿಲ್ಲ. ಲಯ ಮಾತ್ರ ಎರಡರಷ್ಟು ಬೇಗ. ಎದುರಿನ ಮೇಜಿನವನು ಇಡ್ಲಿ ಸಾಂಬಾರಿನ ಬೆರಳುಗಳಿಂದ ಮೇಜಿನ ಮೇಲೆ ತಾಳ ಹಾಕುತ್ತಿದ್ದ. ಹಿತ್ತಲಿಗೆ ಹೋಗಿ ಕುಡಿದ ಚಾ ಕಾರಿದೆ.

13 ಫೆಬ್ರವರಿ

ಬರೆಯಲು ಹೇಸಿಗೆಯಾಗುತ್ತದೆ. ಕೈಯಲ್ಲಿ ಏನೋ ಅಂಟಿದ ಹಾಗೆ.

27 ಫೆಬ್ರವರಿ

ಸವಣೂರಿಗೆ ಹೋದೆ. ರಾಧಾಕೃಷ್ಣ ಹೊಸ ಮನೆಯ ಪಂಚಾಂಗದ ಮೇಲೆ ನಿಂತು ಕೆಲಸದವರಿಗೆ ಕಲ್ಲು ಎಲ್ಲಿಡಬೇಕೆಂದು ಹೇಳುತ್ತಿದ್ದ. ಗೋಡೆ ಇನ್ನೂ ಎದ್ದಿಲ್ಲ. ಕೆಂಪು ಕಲ್ಲಿನ ಆ ಅಡಿಪಾಯದ ಮೇಲೆ ಬಿಳಿ ಪ್ಯಾಂಟು. ನನ್ನನ್ನು ನೋಡಿದವನೇ ಮುಖ ತಗ್ಗಿಸಿದ. ನಾನು ಏಕೆ ಬಂದೆನೆಂದು ಕೇಳುವ ಮೊದಲೇ ಅವನಿಗೆ ಗೊತ್ತಾಗಿದೆ.

"ಧರ್ಮಣ್ಣ, ನಾನು ಮಾರಿದ್ದಲ್ಲ" ಎಂದ.

"ಮತ್ತೆ ಅದಕ್ಕೆ ರೆಕ್ಕೆ ಬಂದು ಹಾರಿ ಹೋದದ್ದಾ?"

"ರಿಹರ್ಸಲಿನ ನಡುವೆ ಸುಮ್ಮನೆ ಬಾರಿಸ್ತಾ ಕೂತಿದ್ದೆ. ಮ್ಯೂಸಿಕ್ ಡೈರೆಕ್ಟರ್ ಬಂದು ಹಿಂದೆ ನಿಂತದ್ದು ಗೊತ್ತಾಗ್ಲಿಲ್ಲ. ಇದು ಯಾರದ್ದು ಅಂತ ಕೇಳಿದ."

"ನೀನು ಎಂತ ಹೇಳಿದೆ?"

ಅವನು ಕಲ್ಲು ಕೆತ್ತುವವನ ಕಡೆ ತಿರುಗಿದ. "ಯಾರದ್ದೂ ಅಲ್ಲ ಅಂದೆ."

"ಯಾರದ್ದೂ ಅಲ್ಲ."

"ಹೆಸರು ಹೇಳಿದ್ರೆ ಅಲ್ಲಿ ನೂರು ತರಲೆ, ಧರ್ಮಣ್ಣ. ಮರುದಿವಸ ನನ್ನನ್ನು ಕರೀತಿರಲಿಲ್ಲ. ಅದು ಆ ಹಾಡಿಗೆ ಅಂತ ನನಗೆ ಗೊತ್ತಿರಲಿಲ್ಲ. ಅವಳು ಬಾಟ್ಲಿ ಹಿಡ್ಕೊಂಡು ಕುಣೀತಾಳೆ ಅಂತ ದೇವರಾಣೆ ಗೊತ್ತಿರಲಿಲ್ಲ."

ಅಮ್ಮುವಿನ ಹೆಣದ ಜೊತೆ ಮಸಣಕ್ಕೆ ಬಂದವರು ಮೂರೇ ಜನ. ಅವರಲ್ಲಿ ಇವನೊಬ್ಬ. ಹೊಡೆಯಬೇಕೆಂದು ಹೋಗಿದ್ದೆ. ಹತ್ತಿರ ಹೋದಾಗ ಅವನು ಹಚ್ಚಿಕೊಂಡ ಸೆಂಟಿನ ವಾಸನೆಗೆ ಅವನನ್ನು ಮುಟ್ಟಲೂ ಮನಸ್ಸಾಗಲಿಲ್ಲ. ತಿರುಗಿ ಬಂದೆ. ಅವನ ತಾಯಿ ಅಂಗಳದಿಂದ, "ಊಟ ಮಾಡಿ ಹೋಗು ಮಗಾ" ಎಂದು ಕರೆಯುತ್ತಿದ್ದರು.

7 ಮಾರ್ಚ್

ಸುಬ್ರಹ್ಮಣ್ಯ ರಸ್ತೆಯ ಬದಿಯ ಒಂದು ಮದುವೆ. 'ಆ ಹಾಡು' ಬೇಕು ಎಂದರು. ಬರುವುದಿಲ್ಲ ಎಂದೆ. ತ್ಯಾಂಪಣ್ಣ ಎಲ್ಲರ ಎದುರು, "ಹಾಲು ಕುಡಿಯುವ ಮಕ್ಕಳಿಗೂ ಬರ್ತದೆ, ನಿಮಗೆ ಬರುದಿಲ್ವಾ ಮಾಸ್ಟ್ರೇ?" ಎಂದ. ಕೋಟು ಬಿಚ್ಚಿ ಅವನ ಮುಖಕ್ಕೆ ಎಸೆಯಬೇಕೆನಿಸಿತು. ಎಸೆಯಲಿಲ್ಲ. ಕ್ಲಾರಿಯೊನೆಟ್ಟಿನವನು ಅದನ್ನು ಊದಿದ, ಅಪಸ್ವರದಲ್ಲಿ. ನಾನು ಸ್ಯಾಕ್ಸೊಫೋನನ್ನು ಬಾಯಲ್ಲಿಟ್ಟುಕೊಂಡು ಊದಿದ ಹಾಗೆ ನಟಿಸಿದೆ. ಅದು ಇನ್ನೂ ಅಸಹ್ಯ.

14 ಮಾರ್ಚ್

ಕಡಬ. ಕುರಿಯಾಕೋಸ್ ಸಾಹೇಬರಿಗೆ ಮೊದಲೇ ಎಲ್ಲ ಕಾಗದ ಬರೆದು ತಿಳಿಸಿದ್ದೆ. ಅವರು ಕಲ್ಕತ್ತಾಕ್ಕೆ ಟ್ರಂಕ್ ಕಾಲ್ ಮಾಡಿ ವಿಚಾರಿಸಿದ್ದರು.

"ಆರು ಟ್ಯೂನಿಗೆ ತೊಂದರೆ ಇಲ್ಲ, ಸಾರ್. ಏಳನೆಯದ್ದು ಸಿನೆಮಾದವರ ಹೆಸರಿಗೆ ದಾಖಲಾಗಿ ಆಗಿದೆ. ಹಾಕಬೇಕಾದರೆ ಅವರ ಅನುಮತಿ ಬೇಕಂತೆ."

"ಯಾರ ಅನುಮತಿ?"

"ಸಿನೆಮಾದವರದ್ದು."

ನನ್ನ ಮಗಳಿಗೆ ಗುನುಗಿದ್ದನ್ನು ಊದಲು ಯಾವನೋ ಸೇಠನ ಅನುಮತಿ. ಸಾಹೇಬರು, ಅದನ್ನು ಬಿಟ್ಟುಬಿಡುವ ಎಂದರು. ದಯೆಯಿಂದಲೇ ಹೇಳಿದರು, ಅದನ್ನಂತೂ ಸಹಿಸಲಾಗಲಿಲ್ಲ. ಹೊಗೆಮನೆಯ ಪಕ್ಕದ ಚರಂಡಿಯಲ್ಲಿ ಬಿಳಿ ನೀರು ನೊರೆಗಟ್ಟಿ ನಿಂತಿತ್ತು. ಬಸ್ಸು ಬರುವವರೆಗೆ ಅದರ ಹತ್ತಿರವೇ ನಿಂತೆ. ಅದೇ ಸರಿಯಾದ ಜಾಗ ಎನಿಸಿತು.

ರೆಕಾರ್ಡು ಬೇಡ. ಏನೂ ಬೇಡ.

29 ಮಾರ್ಚ್

ಆ ಸಿನೆಮಾ ಪುತ್ತೂರಿಗೆ ಬಂದಿದೆ. ಸಂಜೆಯಾಗುತ್ತಲೇ ಟಾಕೀಸಿನ ಮೈಕ್‌ನಿಂದ ಅದೇ ಹಾಡು, ಊರಿಡೀ ಕೇಳುವ ಹಾಗೆ. ಕಿಟಕಿ ಮುಚ್ಚಿದರೆ ಸೆಕೆ, ತೆರೆದರೆ ಅದು.

ಇವತ್ತು ಮಧ್ಯಾಹ್ನ ಮನೆಗೆ ಬಂದರೆ ಕಮಲಾವತಿ ಇಲ್ಲ. ದೇವಮ್ಮನನ್ನು ಕೇಳಿದೆ. "ಟಾಕೀಸಿಗೆ ಹೋದ್ರಲ್ಲ. ನಿನ್ನೆಯೂ ಹೋಗಿದ್ರು. ನಿಮಗೆ ಗೊತ್ತಿಲ್ವಾ?" ಎಂದಳು, ಬಹಳ ಖುಷಿಯಿಂದ.

ಕಮಲಾವತಿ ಬಂದು ಏನೂ ಆಗದವಳ ಹಾಗೆ ಒಲೆ ಹೊತ್ತಿಸಿದಳು.

"ಆ ಹೊಲಸು ನೋಡ್ಲಿಕ್ಕೆ ಹೋದದ್ದಾ?" ಎಂದೆ.

"ನೋಡ್ಲಿಕ್ಕಲ್ಲ. ಆ ಹಾಡು ಬರುವಾಗ ಕಣ್ಣು ಮುಚ್ಚಿ ಕೂತುಕೊಳ್ಳುದು. ಕೇಳ್ಲಿಕ್ಕೆ ಹೋದದ್ದು."

"ಹೇಸಿಗೆ ಆಗುದಿಲ್ವಾ ನಿನಗೆ?"

"ಆಗ್ತದೆ." ಊದುಗೊಳವೆ ಕೆಳಗಿಟ್ಟಳು. "ಪೇಟೆಗೆ ಹೋಗಿದ್ದಾಗ ಹೋಟ್ಲಿನ ರೇಡಿಯೋದಲ್ಲಿ ಕೇಳಿಯೇ ನನಗೆ ಗೊತ್ತಾಗಿದೆ. ನೀವು ಹೇಳ್ತೀರಿ ಅಂತ ಕಾದೆ. ಹೇಳ್ಲಿಲ್ಲ. ಅವಳು ಹೋದ ಮೇಲೆ ನೀವು ಮನೆಯಲ್ಲಿ ಒಂದು ದಿವಸ ಅದನ್ನು ನುಡಿಸಿದ್ದುಂಟಾ? ಹೋಟೆಲಿನಲ್ಲಿ ನುಡಿಸಿದಿರಿ, ಆ ರಾಧಾಕೃಷ್ಣನಿಗೆ ಕಲಿಸಿದಿರಿ, ಕಡಬದಲ್ಲಿ ಟೇಪಿಗೆ ಹಾಕ್ತೀರಂತೆ. ನಾನು ಅವಳ ತಾಯಿ. ನಾನು ಎಲ್ಲಿ ಹೋಗಿ ಕೇಳುದು?"

ಅವಳಿಗೆ ನೋವಾಗುತ್ತದೆಂದೇ ನಾನು ನುಡಿಸದೆ ಇದ್ದದ್ದು. ಹಾಗೆ ಹೇಳಿದೆ. ಅವಳು ಮತ್ತೆ ಊದುಗೊಳವೆ ಎತ್ತಿಕೊಂಡಳು. ಊಟಕ್ಕೆ ಬಸಳೆ ಸಾರು. ಸೇರಲಿಲ್ಲ.

4 ಏಪ್ರಿಲ್

ಅವಳ ಜೊತೆ ಟಾಕೀಸಿಗೆ ಹೋದೆ. ಒಬ್ಬಳನ್ನೇ ಆ ಜನರ ನಡುವೆ ಕೂರಿಸುವುದು ಸರಿಯಲ್ಲ, ಅದಕ್ಕೆ.

ಬೀಡಿಯ ಹೊಗೆ, ಕುರ್ಚಿಯಲ್ಲಿ ತಿಗಣೆ, ಮೂತ್ರದ ವಾಸನೆ. ಹಾಡು ಬಂತು. ಮಿರಮಿರ ಮಿಂಚುವ ಗೌನು ತೊಟ್ಟ ಹೆಂಗಸು ಮೇಜಿನಿಂದ ಮೇಜಿಗೆ ಹೋಗಿ ಗಂಡಸರ ಗಲ್ಲ ಹಿಡಿಯುತ್ತಾಳೆ. ಮುಂದಿನ ಸಾಲಿನವರು ಶಿಳ್ಳೆ ಹಾಕಿ ಪರದೆಗೆ ಚಿಲ್ಲರೆ ಎಸೆದರು. ಎದ್ದು ಹೋಗುವುದೆಂದು ನೋಡಿದರೆ ಕಮಲಾವತಿ ನನ್ನ ಮೊಣಕೈ ಹಿಡಿದಿದ್ದಾಳೆ. ಅವಳ ಕಣ್ಣು ಮುಚ್ಚಿದೆ, ತುಟಿ ಅಲುಗುತ್ತಿದೆ. ಆ ಸದ್ದಿನಲ್ಲಿ ಅವಳ ದನಿ ಕೇಳುವ ಹಾಗಿರಲಿಲ್ಲ. ಅವಳ ಗಂಟಲು ನೋಡಿದೆ. ಪರದೆಯ ಮೇಲಿನವಳು ಓಡುತ್ತಿದ್ದಳು, ಇವಳು ನಿಧಾನವಾಗಿ ತನ್ನದೇ ಲಯದಲ್ಲಿ ಹೋಗುತ್ತಿದ್ದಳು.

ಕೂತೆ. ತಿಗಣೆ ಕಚ್ಚಿದ ಕಡೆ ಇನ್ನೂ ಉರಿಯುತ್ತದೆ.

9 ಏಪ್ರಿಲ್

ಬೆಳಗ್ಗೆ ಮುಖ ತೊಳೆಯುತ್ತಿದ್ದಾಗ ಹೊಳೆಯಿತು. ಜಾಜ್ ನುಡಿಸುವವರಲ್ಲಿ ಒಂದು ಹಳೆಯ ಪದ್ಧತಿ ಇದೆ: ಒಂದು ಹಾಡಿನ ಟ್ಯೂನನ್ನು ಎತ್ತಿ ಬದಿಗಿಟ್ಟು, ಅದರ ಕೆಳಗಿನ ಕಾರ್ಡುಗಳನ್ನು ಮಾತ್ರ ಉಳಿಸಿಕೊಂಡು, ಅವುಗಳ ಮೇಲೆ ಬೇರೊಂದು ಟ್ಯೂನು ಕಟ್ಟುವುದು. ಗೋಡೆ, ಮಾಡು ಎಲ್ಲ ಬೇರೆ, ಪಂಚಾಂಗ ಅದೇ. ಟ್ಯೂನನ್ನು ಸೇಠ ಇಟ್ಟುಕೊಳ್ಳಲಿ. ಕೆಳಗಿನ ಕಾರ್ಡುಗಳ ಮೇಲೆ ಯಾರ ಹಕ್ಕೂ ಇಲ್ಲ.

ಸಂಜೆಯೊಳಗೆ ಹೊಸ ಟ್ಯೂನು ಆಯಿತು. 'ಅಮ್ಮು'ವಿನ ಒಂದು ಸಾಲೂ ಇದರಲ್ಲಿ ಬರುವುದಿಲ್ಲ. ಅದು ಬರಬೇಕಾದ ಜಾಗದಲ್ಲೆಲ್ಲ ಇದು ಸುಮ್ಮನಿರುತ್ತದೆ, ಅದು ಸುಮ್ಮನಿದ್ದಲ್ಲಿ ಇದು ಮಾತಾಡುತ್ತದೆ. ಹೆಸರು ಇಟ್ಟೆ: 'ಯಾರದ್ದೂ ಅಲ್ಲ'.

ಮನೆಯಲ್ಲಿಯೇ ನುಡಿಸಿದೆ. ದೇವಮ್ಮ ಕೂಗಲಿಲ್ಲ. ಊರಲ್ಲಿರಲಿಲ್ಲವೋ ಏನೋ.

13 ಏಪ್ರಿಲ್

ಆದರೆ ಆ ಕಾರ್ಡುಗಳನ್ನು ಸರಿಯಾಗಿ ಬಲ್ಲವನು ಲೋಕದಲ್ಲಿ ಒಬ್ಬನೇ. ಮಂಗಳೂರಿನಿಂದ ಬೇರೆಯವನನ್ನು ಕರೆಸೋಣ ಎಂದು ಮೂರು ದಿನ ಯೋಚಿಸಿದೆ. ಇವತ್ತು ಕಮಲಾವತಿ, "ಅವನಿಲ್ಲದೆ ಆಗುದಿಲ್ಲ ಅಂದ್ರೆ ಅವನನ್ನೇ ಕರೀರಿ. ಮಾತಾಡ್ಬೇಡಿ, ನುಡಿಸಿ" ಎಂದಳು.

ಸವಣೂರಿಗೆ ಹೋದೆ. ಗೋಡೆ ಸೊಂಟದವರೆಗೆ ಬಂದಿದೆ. ಅಂಗಳದಲ್ಲೇ ನಿಂತು, "ಇಪ್ಪತ್ನಾಲ್ಕಕ್ಕೆ ಕಡಬ. ಬರ್ತೀಯಾ?" ಎಂದೆ. "ಬರ್ತೇನೆ" ಎಂದ. ಅಷ್ಟೇ. ಬರುವಾಗ ಬಾಯೆಲ್ಲ ಕಹಿ. ಕದ್ದವನ ಕೈಯನ್ನೇ ಹಿಡಿದು ನಡೆಯಬೇಕಲ್ಲ.

ಡ್ರಮ್ಮಿಗೆ ಹೈದರನೇ ಗತಿ. ಮೆತ್ತಗೆ, ನೆಲ ಗುಡಿಸಿದ ಹಾಗೆ ಬರಬೇಕು ಮಾರಾಯ ಎಂದು ಮೊನ್ನೆಯೇ ಹೇಳಿದ್ದೆ. ನಿನ್ನೆ ಅವನು ತನ್ನ ತಾಯಿ ಬೀಫಾತುಮ್ಮ ಅಂಗಳ ಗುಡಿಸುವ ಹಿಡಿಸೂಡಿಯಿಂದ ಕಡ್ಡಿ ಕಿತ್ತು ಕಟ್ಟು ಮಾಡಿ ತಂದ. ಹಿಡಿಸೂಡಿಯಲ್ಲಿ ಡ್ರಮ್ಮು. ಕಸ ಅಂಟಿದೆಯೇ ಎಂದು ನೋಡಿದೆ. ತೊಳೆದು ತಂದಿದ್ದ. ಸದ್ದು ಪರವಾಗಿಲ್ಲ.

25 ಏಪ್ರಿಲ್, ಕಡಬ

ನಿನ್ನೆ ಮತ್ತು ಇವತ್ತು. ಎಲ್ಲ ಬರೆಯುತ್ತೇನೆ, ಇಲ್ಲದಿದ್ದರೆ ಮರೆಯುತ್ತೇನೆ.

ಸಾಹೇಬರು ಜನರೇಟರನ್ನು ಗುಡ್ಡದಾಚೆ ಇಡಿಸಿ ಅಲ್ಲಿಂದ ಉದ್ದಕ್ಕೆ ವಯರು ಎಳೆಸಿದ್ದರು. ಕಿಟಕಿಗಳಿಗೆಲ್ಲ ಕಂಬಳಿ. ಸೆಕೆ, ರಬ್ಬರಿನ ವಾಸನೆ, ನಾಲ್ಕು ಗಂಡಸರ ಬೆವರು. ನನ್ನೊಟ್ಟಿಗೆ ಕಮಲಾವತಿಯೂ ಬಂದಿದ್ದಳು. "ನಾನೂ ಬರ್ತೇನೆ" ಎಂದಳು, ಏಕೆ ಎಂದು ನಾನು ಕೇಳಲಿಲ್ಲ. ಬಾಗಿಲ ಹತ್ತಿರ ಒಂದು ಸ್ಟೂಲಿನ ಮೇಲೆ ಕೂತಿದ್ದಳು.

ಶನಿವಾರ ಇಡೀ ಹಾಳಾಯಿತು. ನಾನು ರಾಧಾಕೃಷ್ಣನ ಕಡೆ ನೋಡುವುದಿಲ್ಲ, ಅವನು ನನ್ನ ಕಡೆ ನೋಡುವುದಿಲ್ಲ. ಎಲ್ಲಿ ಶುರು ಎಲ್ಲಿ ಕೊನೆ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಕೊನೆಗೆ ಹೈದರ್ ಕಡ್ಡಿ ಕೆಳಗಿಟ್ಟು, "ಮಾಸ್ಟ್ರೇ, ನಿಮ್ಮ ಜಗಳ ನಂಗೆ ಗೊತ್ತಿಲ್ಲ. ಆದ್ರೆ ನಡುವಲ್ಲಿ ಕೂತು ಪೆಟ್ಟು ತಿನ್ನುದು ನಾನು" ಎಂದ. ರಾಧಾಕೃಷ್ಣ ನಕ್ಕುಬಿಟ್ಟ. ನನಗೆ ನಗು ಬರಲಿಲ್ಲ, ಆದರೆ ಅವನ ಕಡೆ ನೋಡಿದೆ. ಕೂದಲು ನರೆತಿದೆ.

ಇವತ್ತು ಬೆಳಗ್ಗಿನಿಂದ ಆರೂ ಮುಗಿದವು. 'ಕಬಕ ಕ್ರಾಸ್' ಒಂದೇ ಸಲಕ್ಕೆ ಬಂತು. ಕೀ ಅಂಟಿಕೊಳ್ಳುವ ಕಡೆ ರಾಧಾಕೃಷ್ಣ ಅಂಟಿದ್ದನ್ನು ಇನ್ನೊಂದು ಬೆರಳಿನಿಂದ ಎತ್ತುತ್ತಾ ನುಡಿಸಿದ. ಚೆನ್ನಾಗಿ ನುಡಿಸುತ್ತಾನೆ ಎಂಬುದೇ ದೊಡ್ಡ ಅಸಹ್ಯ. ಕೆಟ್ಟದಾಗಿ ನುಡಿಸಿದ್ದರೆ ಸುಲಭವಿತ್ತು.

ಕೊನೆಗೆ 'ಯಾರದ್ದೂ ಅಲ್ಲ'. ಹೆಸರು ಹೇಳಿ, ಕೆಳಗೆ 'ಅಮ್ಮು'ವಿನ ಕಾರ್ಡುಗಳನ್ನೇ ಹಿಡಿ ಎಂದೆ. ಹೆಸರು ಕೇಳಿ ಅವನು ಕೈ ಹಿಂದೆ ತೆಗೆದ. ಆಮೇಲೆ ಮತ್ತೆ ಕೀಗಳ ಮೇಲಿಟ್ಟ. ಮೊದಲ ಕಾರ್ಡು ಬಂದಾಗ ಗೊತ್ತಾಯಿತು, ಇವನು ಒಂದನ್ನೂ ಮರೆತಿಲ್ಲ. ನಾನು ಹೊಸ ಟ್ಯೂನು ಹಿಡಿದೆ. ಕಣ್ಣು ಮುಚ್ಚಿ ಊದಿದೆ, ಹಾಗಾಗಿ ಬೇರೇನೂ ನೋಡಲಿಲ್ಲ.

ಮುಗಿದ ಮೇಲೆ ಸಾಹೇಬರು ಕಿವಿಯಿಂದ ಹೆಡ್‌ಫೋನು ತೆಗೆದರು. "ಸಾರ್, ಟೇಪಿನಲ್ಲಿ ಒಂದು ಸ್ವರ ಸೇರಿದೆ. ಹೆಂಗಸಿನದ್ದು."

ಹಿಂದಕ್ಕೆ ಸುತ್ತಿ ಕೇಳಿಸಿದರು. ನನ್ನ ಟ್ಯೂನು ಸುಮ್ಮನಾಗುವ ಜಾಗಗಳಲ್ಲೆಲ್ಲ, ಬಹಳ ದೂರದಲ್ಲಿ, 'ಅಮ್ಮು'. ಪದ ಇಲ್ಲ. ಗುನುಗುವುದು, ಅಷ್ಟೇ.

ಎಲ್ಲರೂ ಬಾಗಿಲ ಕಡೆ ತಿರುಗಿದರು. ಕಮಲಾವತಿ ಸೆರಗು ಬಾಯಿಗೆ ಹಿಡಿದುಕೊಂಡಳು. "ಅಯ್ಯೋ, ನಾನಾ? ನಂಗೆ ಗೊತ್ತೇ ಆಗ್ಲಿಲ್ಲ. ಹಾಳು ಮಾಡಿದೆನಾ?"

"ಇನ್ನೊಮ್ಮೆ ಮಾಡುವ, ಸಾರ್" ಎಂದರು ಸಾಹೇಬರು. "ಆ ಟ್ಯೂನ್ ಕೇಳಿದರೆ ಕಲ್ಕತ್ತಾದವರು ಪ್ರಶ್ನೆ ಎತ್ತಿಯಾರು."

"ಎತ್ತಲಿ" ಎಂದೆ. ನಡುವೆ ಒಂದು ಕಡೆ ನನ್ನದೇ ಸ್ವರ ತಪ್ಪಿತ್ತು, ಅದಕ್ಕಾದರೂ ಇನ್ನೊಮ್ಮೆ ಮಾಡಬಹುದಿತ್ತು. ಆದರೆ ಆ ಸೆಕೆಯಲ್ಲಿ ಯಾರಿಗೆ ಬೇಕು.

ರಾಧಾಕೃಷ್ಣ ಅಂಗಳದ ನಳ್ಳಿಯಲ್ಲಿ ತುಂಬ ಹೊತ್ತು ಮುಖ ತೊಳೆದ. ಊಟಕ್ಕೆ ನಿಲ್ಲಲಿಲ್ಲ. ಕಮಲಾವತಿ ಬುತ್ತಿ ಕಟ್ಟಿ ಅವನ ಕೈಗೆ ಕೊಟ್ಟಳು. ಅದನ್ನು ನಾನು ತಡೆಯಲಿಲ್ಲ.

9 ಮೇ

ಟೇಪು ಕಲ್ಕತ್ತಾಕ್ಕೆ ಹೋಗಿದೆ. ಸುದ್ದಿ ಇಲ್ಲ.

ಇವತ್ತು ಸುಳ್ಯದಲ್ಲಿ ಮದುವೆ. ದಿಬ್ಬಣ ಚಪ್ಪರದ ಹತ್ತಿರ ಬಂದಾಗ ಒಬ್ಬ 'ಆ ಹಾಡು' ಎಂದು ಕೂಗಿದ. ತ್ಯಾಂಪಣ್ಣ ನನ್ನ ಕಡೆ ನೋಡದೆ ಕ್ಲಾರಿಯೊನೆಟ್ಟಿನವನಿಗೆ ಕೈಮಾಡಿದ. ಇವನ ಅಪಸ್ವರ ಇನ್ನೊಮ್ಮೆ ಕೇಳುವುದಕ್ಕಿಂತ ನಾನೇ ಊದುವುದು ಒಳ್ಳೆಯದೆಂದು ಶುರುಮಾಡಿದೆ. ನನ್ನ ಲಯದಲ್ಲಿ, ಅದು ಹುಟ್ಟಿದ ಲಯದಲ್ಲಿ. ಹೈದರನಿಗೆ ತಿಳಿಯಿತು, ಮೆತ್ತಗೆ ಹಿಡಿದ.

ಜನ ಒಬ್ಬರ ಮುಖ ಒಬ್ಬರು ನೋಡಿದರು. "ಎಂತ ಮಾರಾಯ್ರೆ, ಮದುವೆಯಾ ಹೆಣ ಹೊರುದಾ?" ಎಂದು ಯಾರೋ ಹೇಳಿದರು.

ದೊಡ್ಡವರ ಕಾಲುಗಳ ನಡುವಿನಿಂದ ಒಂದು ಸಣ್ಣ ಹುಡುಗಿ ನುಗ್ಗಿ ಬಂದು ನನ್ನ ಎದುರು ನಿಂತಳು. ಕುಣಿಯಲು ಒಂದು ಕಾಲೆತ್ತಿದಳು. ಕೆಳಗಿಡಲು ಲಯ ಬರಲಿಲ್ಲ. ಎತ್ತಿದ ಕಾಲಿನಲ್ಲೇ ನನ್ನ ಮುಖ ನೋಡುತ್ತಾ ಕಾದಳು, ವಾಲಿದಳು, ಮತ್ತೆ ಎತ್ತಿದಳು.

ಹೈದರನಿಗೆ ಕಣ್ಣಿನಲ್ಲೇ ಹೇಳಿದೆ. ಅವನು ಏರಿಸಿದ. ಸಿನೆಮಾದ ಲಯಕ್ಕೆ, ಅದಕ್ಕಿಂತಲೂ ಸ್ವಲ್ಪ ಹೆಚ್ಚು. ಹುಡುಗಿ ಕುಣಿದಳು. ಧೂಳಿನಲ್ಲಿ ಬಿದ್ದಳು, ಎದ್ದು ಮತ್ತೆ ಕುಣಿದಳು. ನಿಲ್ಲಿಸಿದರೆ "ಇನ್ನೊಮ್ಮೆ" ಎಂದಳು. ಇನ್ನೊಮ್ಮೆ ಊದಿದೆ. ಆ ವಯಸ್ಸಿಗೆ ನಿಧಾನ ಆಗಿಬರುವುದಿಲ್ಲ.

ಮನೆಗೆ ಬಂದು ಕಮಲಾವತಿಗೆ ಹೇಳಿದೆ. ಅವಳು ಕೈಯಲ್ಲಿದ್ದ ಕೆಲಸ ಬಿಟ್ಟು ಪೂರ್ತಿ ಕೇಳಿದಳು. ಆಮೇಲೆ, "ಯಾವ ಬಣ್ಣದ ಲಂಗ?" ಎಂದಳು.

ನನಗೆ ನೆನಪಿರಲಿಲ್ಲ. ಹಳದಿ ಎಂದೆ.